ಹಳೆಯ ಕಾರಿನೊಳಗೆ ಹೊಸ ಅನುಕೂಲಗಳು: ಒಂದೂ ತಂತಿ ಕತ್ತರಿಸದೆ

ಹಳೆಯ ಕಾರು ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಮಾರಲು ಮನಸ್ಸಿಲ್ಲ. ಆದರೆ ಒಳಗೆ ಕುಳಿತರೆ ಮೊಬೈಲ್ ಚಾರ್ಜ್ ಮಾಡಲು ಸರಿಯಾದ ಜಾಗವಿಲ್ಲ, ಚಾವಣಿಯ ದೀಪ ಮಂಕಾಗಿದೆ, ಸ್ಪೀಕರ್ ಒಡಕು ದನಿಯಲ್ಲಿ ಹಾಡುತ್ತದೆ, ಬಾಗಿಲು ಹಾಕಿದರೆ ತಗಡು ಬಡಿದ ಸದ್ದು. ಇದನ್ನೆಲ್ಲ ನಾವೇ ಸರಿಮಾಡಿಕೊಳ್ಳಬಹುದೇ? ಮಾಡಿಕೊಳ್ಳುವುದಾದರೆ ಕರೆಂಟ್ ಎಲ್ಲಿಂದ ತೆಗೆಯಬೇಕು?

ಖಂಡಿತ ಮಾಡಿಕೊಳ್ಳಬಹುದು. ಒಂದೆರಡು ರಜಾದಿನ ಮತ್ತು ತಾಳ್ಮೆ ಇದ್ದರೆ ಸಾಕು. ಆದರೆ ನಾನು ಹಟ ಹಿಡಿದು ಹೇಳುವ ನಿಯಮ ಒಂದಿದೆ: ಕಾರಿನ ಜೊತೆಗೆ ಬಂದ ಒಂದೇ ಒಂದು ತಂತಿಯನ್ನೂ ಕತ್ತರಿಸಬೇಡಿ, ಒಂದೇ ಒಂದು ಪ್ಯಾನಲ್‌ಗೂ ತೂತು ಕೊರೆಯಬೇಡಿ. ಹಳೆಯ ಕಾರಿನ ತಂತಿಗಳ ಹೊದಿಕೆ ವರ್ಷಗಳ ಬಿಸಿಲಿಗೆ ಗಡುಸಾಗಿರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಹೆಣೆದು ಟೇಪ್ ಸುತ್ತಿದ ಗಂಟು ಇವತ್ತು ಕೆಲಸ ಮಾಡುತ್ತದೆ. ಮುಂದೊಂದು ದಿನ ಸಡಿಲವಾದಾಗ ತೊಂದರೆ ಎಲ್ಲಿದೆ ಎಂದು ಯಾವ ಮೆಕ್ಯಾನಿಕ್‌ಗೂ ಗೊತ್ತಾಗುವುದಿಲ್ಲ. ಪ್ಯಾನಲ್‌ಗಳ ಕಥೆಯೂ ಅಷ್ಟೇ. ತಯಾರಿಕೆ ನಿಂತುಹೋದ ಮಾದರಿಗೆ ಒಡೆದ ಪ್ಯಾನಲ್ ಬದಲು ಇನ್ನೊಂದು ಸಿಗುವುದು ಬಹಳ ಕಷ್ಟ. ನೀವು ಹಾಕಿದ್ದನ್ನೆಲ್ಲ ಬಿಚ್ಚಿದರೆ ಕಾರು ಮೊದಲಿನಂತೆಯೇ ಆಗಬೇಕು. ಕೆಳಗಿನ ಪ್ರತಿ ಹಂತವೂ ಈ ನಿಯಮದ ಮೇಲೆಯೇ ನಿಂತಿದೆ.

ಹಂತ 1: ಕೊಳ್ಳುವ ಮೊದಲು ಕಾರನ್ನು ಪರೀಕ್ಷಿಸಿ

ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯನ್ನು ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ ಎಂದರ್ಥ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು. ಇಲ್ಲದಿದ್ದರೆ ಮೊದಲು ಬ್ಯಾಟರಿ ಅಥವಾ ಆಲ್ಟರ್ನೇಟರ್ ಸರಿಮಾಡಿಸಿ. ಎಂಜಿನ್ ತಿರುಗುವಾಗ ಬ್ಯಾಟರಿ ತುಂಬಿಸುವ ಯಂತ್ರವೇ ಆಲ್ಟರ್ನೇಟರ್. ಅದು ಸೊರಗಿದ್ದರೆ ನೀವು ಸೇರಿಸುವ ಪ್ರತಿ ಸಾಧನವೂ ಹೊರೆಯೇ.

ಆಮೇಲೆ ನೆಲಹಾಸನ್ನು ಅಂಗೈಯಿಂದ ಒತ್ತಿ ನೋಡಿ. ತೇವ ಇದ್ದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವವರೆಗೆ ಬೇರೆ ಯಾವ ಕೆಲಸಕ್ಕೂ ಕೈಹಾಕಬೇಡಿ. ತೇವದ ಜೊತೆ ಸಿಹಿಯಾದ ವಾಸನೆಯೂ ಬಂದರೆ ಅದು ಮಳೆನೀರಲ್ಲ, ಹೀಟರ್‌ನಿಂದ ಸೋರುತ್ತಿರುವ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಒದ್ದೆ ನೆಲದ ಮೇಲೆ ಹೊಸ ಮ್ಯಾಟ್ ಹಾಸಿದರೆ ಕೆಳಗಿನ ತಗಡು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ಹಂತ 2: ಸಲಕರಣೆಗಳು

ಮಲ್ಟಿಮೀಟರ್, ಪ್ಯಾನಲ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ಸ್ಕ್ರೂಡ್ರೈವರ್ ಮತ್ತು ಸಣ್ಣ ಸ್ಪ್ಯಾನರ್‌ಗಳು, ತಂತಿಯ ತುದಿಗೆ ಟರ್ಮಿನಲ್ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ಬಟ್ಟೆಯ ಟೇಪ್, ಕೇಬಲ್ ಟೈ, ಮಾಸ್ಕಿಂಗ್ ಟೇಪ್. ಮಾಮೂಲಿ ಇನ್ಸುಲೇಷನ್ ಟೇಪ್ ಮಾತ್ರ ಬೇಡ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದರ ಅಂಟು ಕರಗಿ, ಟೇಪ್ ಜಾರಿ, ಬೆತ್ತಲೆ ತಾಮ್ರ ಹೊರಗೆ ಬರುತ್ತದೆ.

ಹಂತ 3: ಸರಿಯಾದ ಫ್ಯೂಸ್ ಹುಡುಕಿ

ಈ ಕೆಲಸವನ್ನು ಬ್ಯಾಟರಿ ಬಿಚ್ಚುವ ಮುನ್ನವೇ ಮಾಡಬೇಕು, ಏಕೆಂದರೆ ಅಳೆಯಲು ಕರೆಂಟ್ ಇರಬೇಕು. ಎಲ್ಲರೂ ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾರಿನ ಫ್ಯೂಸ್‌ಗಳಲ್ಲಿ ಎರಡು ಜಾತಿ. ಕೀ ತೆಗೆದರೂ ಕರೆಂಟ್ ಇರುವುದು ಒಂದು. ಕೀ ತಿರುಗಿಸಿದಾಗ ಮಾತ್ರ ಬರುವುದು ಇನ್ನೊಂದು. ಚಾರ್ಜರ್, ಅಲಂಕಾರದ ದೀಪಗಳಂಥವುಗಳಿಗೆ ಎರಡನೆಯದೇ ಬೇಕು. ಸ್ಟೀರಿಯೊ, ಸಿಗರೇಟ್ ಲೈಟರ್, ಹಿಂಬದಿ ವೈಪರ್‌ಗಳ ಫ್ಯೂಸ್‌ಗಳು ಒಳ್ಳೆಯ ಆಯ್ಕೆ. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ), ಎಂಜಿನ್ ಕಂಪ್ಯೂಟರ್, ಬ್ರೇಕ್ ದೀಪ ಇವುಗಳ ಫ್ಯೂಸ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಕರೆಂಟ್ ತೆಗೆಯಲು ಬಳಸುವ ಸಾಧನದ ಹೆಸರು ಫ್ಯೂಸ್ ಟ್ಯಾಪ್. ಹಳೆಯ ಫ್ಯೂಸ್ ಕಿತ್ತ ಜಾಗದಲ್ಲಿ ಇದನ್ನು ಚುಚ್ಚಬೇಕು. ಇದರಲ್ಲಿ ಎರಡು ಫ್ಯೂಸ್‌ಗಳಿಗೆ ಜಾಗವಿರುತ್ತದೆ: ಒಂದರಲ್ಲಿ ಕಾರಿನ ಮೂಲ ಫ್ಯೂಸ್, ಇನ್ನೊಂದರಲ್ಲಿ ನಿಮ್ಮ ಹೊಸ ಸಾಧನದ್ದು. ಮೂಲ ತಂತಿಗೆ ಗಾಯವೇ ಆಗುವುದಿಲ್ಲ. ಕೊಳ್ಳುವಾಗ ನಿಮ್ಮ ಕಾರಿನ ಫ್ಯೂಸ್‌ನ ಗಾತ್ರಕ್ಕೆ ಹೊಂದುವುದನ್ನೇ ಕೊಳ್ಳಿ; ದೊಡ್ಡದು, ಮಿನಿ, ಗಿಡ್ಡ ಮಿನಿ ಎಂದು ಬೇರೆ ಬೇರೆ ಅಳತೆಗಳಿವೆ.

ಟ್ಯಾಪ್ ಯಾವ ಮುಖವಾಗಿ ಕೂರಬೇಕು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ತಿರುವುಮುರುವಾಗಿ ಕೂರಿಸಿದರೂ ಸಾಧನ ಕೆಲಸ ಮಾಡುತ್ತದೆ, ಆದರೆ ಅದರ ಕರೆಂಟ್ ಕೂಡ ಹಳೆಯ ಫ್ಯೂಸ್ ಮೂಲಕವೇ ಹರಿದು ಅದರ ಹೊರೆ ಹೆಚ್ಚುತ್ತದೆ. ಪರೀಕ್ಷೆ ಸುಲಭ. ಟ್ಯಾಪ್‌ನಲ್ಲಿ ಹೊಸ ಫ್ಯೂಸ್ ಮಾತ್ರ ಹಾಕಿ, ಮೂಲ ಫ್ಯೂಸಿನ ಜಾಗ ಖಾಲಿ ಬಿಡಿ. ಕೀ ತಿರುಗಿಸಿ, ಹೊರಬಂದ ತಂತಿಯನ್ನು ಅಳೆಯಿರಿ. 12 ವೋಲ್ಟ್ ಬಂದರೆ ಟ್ಯಾಪ್ ಸರಿಯಾಗಿ ಕೂತಿದೆ. ಬರದಿದ್ದರೆ ಕಿತ್ತು, ತಿರುಗಿಸಿ ಚುಚ್ಚಿ. ಹೊಸ ತಂತಿಯ ತುದಿ ಕಾರಿನ ಬಾಡಿಯ ಲೋಹಕ್ಕೆ ತಾಗದಂತೆ ಎಚ್ಚರವಿರಲಿ.

ಹೊಸ ಫ್ಯೂಸ್ ಎಷ್ಟರದು? ಲೆಕ್ಕ ಮಾಡೋಣ. 30 ವ್ಯಾಟ್ ಚಾರ್ಜರ್ ಎಂದರೆ 30ನ್ನು 12ರಿಂದ ಭಾಗಿಸಿ, ಎರಡೂವರೆ ಆಂಪಿಯರ್. ವೋಲ್ಟೇಜ್ ಬದಲಿಸುವಾಗ ಆಗುವ ನಷ್ಟ ಸೇರಿಸಿದರೆ ಸುಮಾರು 3 ಆಂಪಿಯರ್. ಇದಕ್ಕೆ 5 ಆಂಪಿಯರ್ ಫ್ಯೂಸ್ ಮತ್ತು 0.75 ಚದರ ಮಿಲಿಮೀಟರ್ ತಾಮ್ರದ ತಂತಿ ಧಾರಾಳವಾಗಿ ಸಾಕು. ಫ್ಯೂಸ್ ಇರುವುದು ಸಾಧನವನ್ನು ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಪಾಡುವುದು ತಂತಿಯನ್ನು. ತೆಳ್ಳನೆಯ ತಂತಿಗೆ 15 ಆಂಪಿಯರ್ ಫ್ಯೂಸ್ ಹಾಕಿದರೆ ಶಾರ್ಟ್ ಆದಾಗ ಮೊದಲು ಸುಡುವುದು ತಂತಿ, ಫ್ಯೂಸ್ ಅಲ್ಲ. ಕಾರಿಗೆ ಬೆಂಕಿ ಬೀಳುವ ದಾರಿ ಇದು. ಮೂಲ ಫ್ಯೂಸ್ ಪದೇಪದೇ ಸುಟ್ಟರೂ ಅದಕ್ಕಿಂತ ದೊಡ್ಡದನ್ನು ಹಾಕಬೇಡಿ. ಏಕೆ ಸುಡುತ್ತಿದೆ ಎಂದು ಹುಡುಕಿ.

ಹಂತ 4: ಬ್ಯಾಟರಿ ಬಿಚ್ಚಿ, ಕಾಯಿರಿ

ಸ್ಟೀರಿಯೊಗೆ ಭದ್ರತಾ ಕೋಡ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೊಡದೆ ಸ್ಟೀರಿಯೊ ಬಾಯಿಬಿಡುವುದಿಲ್ಲ.

ಬಿಚ್ಚುವಾಗ ಮೈನಸ್ ತುದಿ ಮೊದಲು, ಜೋಡಿಸುವಾಗ ಮೈನಸ್ ತುದಿ ಕೊನೆಗೆ. ಮೈನಸ್ ಜೋಡಿಸಿದ್ದಾಗ ಪ್ಲಸ್ ಬಿಚ್ಚಹೋದರೆ ಸ್ಪ್ಯಾನರ್ ಒಂದಿಷ್ಟು ಜಾರಿ ಬಾಡಿಗೆ ತಾಗಿದರೂ ಸಾಕು, ಬ್ಯಾಟರಿಯ ಪೂರ್ತಿ ಶಕ್ತಿ ಆ ಸ್ಪ್ಯಾನರ್ ಮೂಲಕ ಹರಿಯುತ್ತದೆ.

ಏರ್‌ಬ್ಯಾಗ್ ಇರುವ ಕಾರಾದರೆ ಬಿಚ್ಚಿದ ಕೂಡಲೇ ಕೆಲಸ ಶುರುಮಾಡಬೇಡಿ. ಅಪಘಾತದಲ್ಲಿ ಬ್ಯಾಟರಿ ತುಂಡಾದರೂ ಏರ್‌ಬ್ಯಾಗ್ ತೆರೆದುಕೊಳ್ಳಲೆಂದು ಅದರ ನಿಯಂತ್ರಕ ಒಂದಿಷ್ಟು ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಅದು ಇಳಿಯಲು ಎಷ್ಟು ಹೊತ್ತು ಬೇಕೆಂದು ಕಾರಿನ ಕೈಪಿಡಿ ಹೇಳುತ್ತದೆ. ನಾನಂತೂ 10 ನಿಮಿಷಕ್ಕಿಂತ ಕಡಿಮೆ ಕಾಯುವುದಿಲ್ಲ. ಏರ್‌ಬ್ಯಾಗ್‌ನ ತಂತಿ ಮತ್ತು ಕನೆಕ್ಟರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುತ್ತವೆ. ಅವನ್ನು ಬಿಚ್ಚುವುದು ಹಾಗಿರಲಿ, ಮೀಟರ್ ಕಡ್ಡಿಯನ್ನೂ ತಾಗಿಸಬೇಡಿ.

ಹಂತ 5: ಪ್ಯಾನಲ್ ಬಿಚ್ಚುವ ಕಲೆ

ಹಳೆಯ ಪ್ಲಾಸ್ಟಿಕ್ ಚಳಿಯಲ್ಲಿ ಬಿಸ್ಕತ್ತಿನಂತೆ ಮುರಿಯುತ್ತದೆ. ಕಾರು ಬೆಚ್ಚಗಿರುವಾಗಲೇ ಕೆಲಸ ಮಾಡಿ. ಪಕ್ಕದ ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿ, ಕ್ಲಿಪ್ ಇರುವ ಜಾಗಕ್ಕೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರದಲ್ಲಿ ಎತ್ತಿ. ದೂರದಿಂದ ಎಳೆದರೆ ಕ್ಲಿಪ್ ಕಳಚುವ ಬದಲು ಪ್ಯಾನಲ್ ಬಾಗಿ ಸೀಳುತ್ತದೆ. ಕ್ಲಿಪ್ ಬಿಟ್ಟಾಗ "ಟಕ್" ಎಂಬ ಚಿಕ್ಕ, ಸ್ವಚ್ಛ ಸದ್ದು ಬರುತ್ತದೆ. ಕಿರುಗುಟ್ಟುವ ಸದ್ದು ಬಂದರೆ ಅಲ್ಲೇ ನಿಲ್ಲಿಸಿ, ಎಲ್ಲೋ ಒಂದು ಸ್ಕ್ರೂ ಅಡಗಿದೆ. ಬಾಗಿಲ ಹಿಡಿಕೆಯ ಬಟ್ಟಲಿನ ತಳದಲ್ಲಿ, ಬೂದಿಬಟ್ಟಲಿನ ಹಿಂದೆ, ಸಣ್ಣ ಮುಚ್ಚಳಗಳ ಕೆಳಗೆ ಹುಡುಕಿ ನೋಡಿ. ಬಿಚ್ಚಿದ ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆದುಕೊಳ್ಳಿ. ಸ್ಕ್ರೂಗಳನ್ನು ಕಾಗದಕ್ಕೆ ಟೇಪ್‌ನಿಂದ ಅಂಟಿಸಿ, ಯಾವ ಜಾಗದ್ದು ಎಂದು ಬರೆದಿಡಿ.

ಕೈಯಿಂದ ತಿರುಗಿಸುವ ಕಿಟಕಿಯ ಹಿಡಿಕೆ ಇದ್ದರೆ ಅದನ್ನು ತೆಗೆಯಲು ಒಂದು ಹಳೆಯ ಉಪಾಯವಿದೆ. ಅನೇಕ ಕಾರುಗಳಲ್ಲಿ ಹಿಡಿಕೆಯನ್ನು ಹಿಡಿದಿರುವುದು ಅದರ ಹಿಂದೆ ಅಡಗಿರುವ ಬಾಗಿದ ತಂತಿಯ ಕ್ಲಿಪ್. ಹಿಡಿಕೆ ಮತ್ತು ಪ್ಯಾನಲ್ ನಡುವಿನ ಸಂದಿಗೆ ತೆಳುವಾದ ಬಟ್ಟೆ ಸೇರಿಸಿ, ಎರಡೂ ತುದಿ ಹಿಡಿದು, ಬೂಟು ಒರೆಸುವಂತೆ ಅತ್ತಿತ್ತ ಎಳೆಯಿರಿ. ಬಟ್ಟೆಯ ಅಂಚು ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಅದು ಹಾರಿಹೋಗದಂತೆ ಇನ್ನೊಬ್ಬರು ಅಂಗೈ ಅಡ್ಡ ಹಿಡಿದರೆ ಒಳ್ಳೆಯದು.

ಹಂತ 6: ಅರ್ತ್ ಮತ್ತು ತಂತಿಯ ದಾರಿ

ಕಾರಿನಲ್ಲಿ ಕರೆಂಟ್ ಹಿಂದಿರುಗುವ ದಾರಿ ಬಾಡಿಯ ಲೋಹವೇ. ಇದಕ್ಕೆ ಅರ್ತ್ ಎನ್ನುತ್ತೇವೆ. ಡ್ಯಾಶ್‌ಬೋರ್ಡಿನ ಕೆಳಗೆ ನೇರವಾಗಿ ತಗಡಿಗೆ ಹೋಗುವ ಬೋಲ್ಟ್ ಒಂದನ್ನು ಹುಡುಕಿ, ಸಡಿಲಿಸಿ, ಅದರ ಕೆಳಗಿನ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಉಂಗುರದಂಥ ಟರ್ಮಿನಲ್ ಕೂರಿಸಿ ಬಿಗಿಯಿರಿ. ಬಣ್ಣದ ಮೇಲೆಯೇ ಬಿಗಿದರೆ ಚಾರ್ಜರ್ ಆಗಾಗ ನಿಲ್ಲುತ್ತದೆ, ಸ್ಟೀರಿಯೊದಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಕೀರಲು ಸದ್ದು ಏರಿಳಿಯುತ್ತದೆ. ಏರ್‌ಬ್ಯಾಗ್ ನಿಯಂತ್ರಕದ ಬೋಲ್ಟ್, ಸೀಟ್ ಬೆಲ್ಟ್ ಬೋಲ್ಟ್‌ಗಳನ್ನು ಇದಕ್ಕೆ ಬಳಸಬಾರದು.

ತಂತಿಯನ್ನು ಎಳೆಯುವಾಗ ಕ್ಲಚ್, ಬ್ರೇಕ್ ಮತ್ತು ಆಕ್ಸಿಲರೇಟರ್ ಪೆಡಲ್‌ಗಳ ಬಳಿ ಒಂದು ಎಳೆಯೂ ಜೋತಾಡಬಾರದು. ಕಾರಿನದೇ ತಂತಿಗಳ ಕಟ್ಟಿಗೆ ಕೇಬಲ್ ಟೈನಿಂದ ಪ್ರತಿ ಗೇಣಿಗೊಮ್ಮೆ ಕಟ್ಟಿ. ಡ್ಯಾಶ್ ಕ್ಯಾಮೆರಾ ಹಾಕುವವರಿಗೆ ವಿಶೇಷ ಎಚ್ಚರಿಕೆ: ಮುಂಗಾಜಿನ ಪಕ್ಕದ ಕಂಬದೊಳಗೆ ಪರದೆ ಏರ್‌ಬ್ಯಾಗ್ ಇದ್ದರೆ ತಂತಿ ಅದರ ಹಿಂದಿನಿಂದ ಹೋಗಬೇಕು, ಎಂದೂ ಮುಂದಿನಿಂದ ಅಲ್ಲ. ಮುಂದೆ ಹಾದ ತಂತಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅಡ್ಡಬರುತ್ತದೆ, ಇಲ್ಲವೇ ಮುಖಕ್ಕೆ ಎರಚುತ್ತದೆ.

ಹಂತ 7: ಚಾರ್ಜರ್ ಮತ್ತು ದೀಪ

ಕರೆಂಟ್ ಮತ್ತು ಅರ್ತ್ ಸಿದ್ಧವಾದ ಮೇಲೆ ಯುಎಸ್‌ಬಿ ಚಾರ್ಜರ್ ಕೂರಿಸುವುದು ಅರ್ಧ ಗಂಟೆಯ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ಖಾಲಿ ಸ್ವಿಚ್‌ಗಳ ಮುಚ್ಚಳ ಇದ್ದರೆ ಅದೇ ಅಳತೆಯ ಚಾರ್ಜರ್ ಹುಡುಕಿ. ಮುಚ್ಚಳ ತೆಗೆದು ಅದೇ ಜಾಗದಲ್ಲಿ ಕೂರಿಸಿದರೆ ಕಾರ್ಖಾನೆಯಿಂದಲೇ ಬಂದಂತೆ ಕಾಣುತ್ತದೆ. ಅಗ್ಗದ ಚಾರ್ಜರ್‌ಗಳು ಎಫ್‌ಎಂ ರೇಡಿಯೊದಲ್ಲಿ ಗೊರಗೊರ ಸದ್ದು ತರುತ್ತವೆ. ಆದ್ದರಿಂದ ಪ್ಯಾನಲ್ ಮುಚ್ಚುವ ಮುನ್ನ ಬ್ಯಾಟರಿಯನ್ನು ತಾತ್ಕಾಲಿಕವಾಗಿ ಜೋಡಿಸಿ, ರೇಡಿಯೊ ಹಾಕಿ ಕೇಳಿ.

ಚಾವಣಿಯ ದೀಪ ಬದಲಿಸಲು ತಂತಿಯ ಕೆಲಸವೇ ಇಲ್ಲ. ಎರಡೂ ತುದಿಯಲ್ಲಿ ಲೋಹದ ಟೊಪ್ಪಿ ಇರುವ ಉದ್ದ ಬಲ್ಬ್ ಆದರೆ ಅದರ ಉದ್ದ ಅಳೆದುಕೊಳ್ಳಿ. 31, 36, 39, 41 ಮಿಲಿಮೀಟರ್‌ಗಳು ಸಾಮಾನ್ಯ. ಉರಿಯುತ್ತಿದ್ದ ಹಳೆಯ ಬಲ್ಬ್ ಕೈ ಸುಡುತ್ತದೆ, ತಣ್ಣಗಾದ ಮೇಲೆ ಮುಟ್ಟಿ. ಎಲ್‌ಇಡಿ ಹಾಕಿದ ಮೇಲೆ ಬೆಳಗದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ತಿರುಗಿಸಿ ಹಾಕಿ; ಎಲ್‌ಇಡಿಗೆ ಪ್ಲಸ್ ಮತ್ತು ಮೈನಸ್ ಬೇರೆ ಬೇರೆ. ಬಣ್ಣದ ವಿಷಯದಲ್ಲಿ ನನ್ನ ಆಯ್ಕೆ 3000 ಕೆಲ್ವಿನ್‌ನ ಬೆಚ್ಚನೆಯ ಬೆಳಕು. 6000 ಕೆಲ್ವಿನ್‌ನ ನೀಲಿಬಿಳುಪು ಬೆಳಕು ಹಳೆಯ ಕಾರಿನ ಕಂದು, ಬೂದು ಒಳಾಂಗಣವನ್ನು ಆಸ್ಪತ್ರೆಯ ವಾರ್ಡಿನಂತೆ ಮಾಡಿಬಿಡುತ್ತದೆ.

ಹಂತ 8: ಸ್ಟೀರಿಯೊ ಮತ್ತು ಸ್ಪೀಕರ್

ಸ್ಟೀರಿಯೊ ಕಂಡಿಯ ಅಳತೆಗೆ ಡಿನ್ ಎಂಬ ಹೆಸರಿದೆ. ಒಂದು ಡಿನ್ ಎಂದರೆ ಸುಮಾರು 180 ಮಿಲಿಮೀಟರ್ ಅಗಲ, 50 ಎತ್ತರ. ಎರಡು ಡಿನ್ ಎಂದರೆ ಅದೇ ಅಗಲ, ಎರಡರಷ್ಟು ಎತ್ತರ. ನಿಮ್ಮ ಕಾರಿನ ಕನೆಕ್ಟರ್‌ಗೆ ಹೊಂದುವ ಅಡಾಪ್ಟರ್ ತಂತಿಗಂಟನ್ನು ಸ್ಟೀರಿಯೊ ಜೊತೆಗೇ ಕೊಳ್ಳಿ. "ಕನೆಕ್ಟರ್ ಕತ್ತರಿಸಿ ನೇರ ಜೋಡಿಸಿಬಿಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೊಸ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಸದಾ ಕರೆಂಟ್ ಬೇಡುವುದು, ಕೆಂಪು ತಂತಿ ಕೀ ತಿರುಗಿಸಿದಾಗಿನದು, ಕಪ್ಪು ಅರ್ತ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಕ್ರಮವಾಗಿ ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ ಸ್ಪೀಕರ್‌ಗಳದ್ದು; ಕಪ್ಪು ಗೆರೆ ಇರುವುದು ಮೈನಸ್. ಕೀ ತೆಗೆದಾಗಲೆಲ್ಲ ಸ್ಟೀರಿಯೊ ಗಡಿಯಾರವನ್ನೂ ಸ್ಟೇಷನ್‌ಗಳನ್ನೂ ಮರೆಯುತ್ತಿದ್ದರೆ ಹಳದಿ ಮತ್ತು ಕೆಂಪು ಅದಲುಬದಲಾಗಿವೆ.

ಬಹಳ ಹಳೆಯ ಕಾರುಗಳಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ. ಕೆಲವದರಲ್ಲಿ ಸ್ಪೀಕರ್‌ಗೆ ಒಂದೇ ತಂತಿ ಬಂದು, ಮೈನಸ್ ನೇರ ಬಾಡಿಗೆ ಕೂಡಿರುತ್ತದೆ. ಈಗಿನ ಸ್ಟೀರಿಯೊಗಳ ಸ್ಪೀಕರ್ ಮೈನಸ್ ಅನ್ನು ಬಾಡಿಗೆ ತಾಗಿಸಿದರೆ ಒಳಗಿನ ಆಂಪ್ಲಿಫಯರ್ ಸುಡಬಹುದು. ಹಾಗಿದ್ದಲ್ಲಿ ಪ್ರತಿ ಸ್ಪೀಕರ್‌ಗೂ ಹೊಸದಾಗಿ ಎರಡೆರಡು ತಂತಿ ಎಳೆಯಿರಿ. ಹಳೆಯದನ್ನು ಹಾಗೆಯೇ ಬಿಡಿ.

ಸ್ಪೀಕರ್‌ನ ಪ್ಲಸ್ ಮೈನಸ್ ಗುರುತು ಅಳಿಸಿದ್ದರೆ 1.5 ವೋಲ್ಟ್‌ನ ಸಣ್ಣ ಸೆಲ್ ಒಂದರ ಎರಡು ತುದಿಗಳನ್ನು ಕ್ಷಣಕಾಲ ಮಾತ್ರ ತಾಗಿಸಿ, ಕಾಗದದ ಶಂಕುವನ್ನು ನೋಡಿ. ಅದು ನಿಮ್ಮತ್ತ ಉಬ್ಬಿದರೆ ಸೆಲ್‌ನ ಪ್ಲಸ್ ತಾಗಿದ್ದೇ ಸ್ಪೀಕರ್‌ನ ಪ್ಲಸ್. ಒಳಕ್ಕೆ ಸೆಳೆದುಕೊಂಡರೆ ತಿರುವುಮುರುವು. ಎಡ ಬಲದಲ್ಲಿ ಒಂದು ಸ್ಪೀಕರ್ ತಿರುವುಮುರುವಾದರೂ ಮಂದ್ರದ ದನಿಗಳು ಒಂದನ್ನೊಂದು ಅಳಿಸಿ, ಹಾಡು ತೆಳ್ಳಗೆ ಕೇಳುತ್ತದೆ.

ಹಂತ 9: ಬಾಗಿಲಿನ ಸದ್ದು

ಇಷ್ಟೆಲ್ಲದರಲ್ಲಿ ಒಂದನ್ನೇ ಮಾಡುವಿರಾದರೆ ಇದನ್ನು ಮಾಡಿ ಎನ್ನುತ್ತೇನೆ. ಬಾಗಿಲ ಪ್ಯಾನಲ್ ತೆಗೆದು, ಹೊರತಗಡನ್ನು ಬೆರಳಗಂಟಿನಿಂದ ತಟ್ಟಿ. "ಠಣ್" ಎನ್ನುವ ಜಾಗವೇ ನಡುಗುವ ಜಾಗ. ಅಲ್ಯೂಮಿನಿಯಂ ಹಾಳೆ ಹೊದ್ದ ಬ್ಯೂಟೈಲ್ ರಬ್ಬರ್ ಹಾಳೆ ಸುಮಾರು 2 ಮಿಲಿಮೀಟರ್ ದಪ್ಪದ್ದು ಸಾಕು. ಟಾರಿನಿಂದ ಮಾಡಿದ ಅಗ್ಗದ ಹಾಳೆ ಬೇಡ, ಬಿಸಿಲಿಗೆ ವಾಸನೆ ಹೊಡೆಯುತ್ತದೆ, ಕರಗಿ ಜಾರುತ್ತದೆ. ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹಾಳೆ ಅಂಟಿಸಿ, ಅದರ ಮೇಲಿನ ಉಬ್ಬುಗೆರೆಗಳು ಚಪ್ಪಟೆಯಾಗುವವರೆಗೆ ರೋಲರ್‌ನಿಂದ ಒತ್ತಿ. ತಗಡಿನ ಇಂಚಿಂಚೂ ಮುಚ್ಚಬೇಕಿಲ್ಲ. ಕಾಲುಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ನಡುಕದ ಬಹುಪಾಲು ನಿಲ್ಲುತ್ತದೆ. ಮತ್ತೆ ತಟ್ಟಿ, ಈಗ "ಧಪ್" ಎನ್ನಬೇಕು.

ಬಾಗಿಲ ತಳದ ಸಣ್ಣ ರಂಧ್ರಗಳನ್ನು ಮುಚ್ಚಬೇಡಿ, ಕಿಟಕಿಯಿಂದ ಇಳಿದ ನೀರು ಹೊರಹೋಗುವುದು ಅಲ್ಲಿಂದಲೇ. ಪ್ಯಾನಲ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಹರಿದು ಎಸೆಯಬೇಡಿ. ನಾನು ಮೊದಲ ಸಲ ಅದನ್ನು ಕಸವೆಂದು ಕಿತ್ತುಹಾಕಿದ್ದೆ. ಮುಂದಿನ ಮಳೆಗೆ ಕಾಲಡಿಯ ನೆಲಹಾಸು ತೊಯ್ದು ಹೋಯಿತು. ಹಾಳೆ ಹರಿದಿದ್ದರೆ ದಪ್ಪ ಪ್ಲಾಸ್ಟಿಕ್‌ನಲ್ಲಿ ಅದೇ ಆಕಾರ ಕತ್ತರಿಸಿ ಅಂಟಿಸಿ.

ಹಂತ 10: ಮ್ಯಾಟ್, ಸೀಟ್ ಕವರ್

ಚಾಲಕನ ಕಡೆ ಒಂದರ ಮೇಲೊಂದು ಮ್ಯಾಟ್ ಹಾಕಲೇಬಾರದು. ಕೊಕ್ಕೆಗೆ ಸಿಕ್ಕಿಸದ ಮ್ಯಾಟ್ ಮುಂದೆ ಸರಿದು ಆಕ್ಸಿಲರೇಟರ್ ಪೆಡಲನ್ನು ಒತ್ತಿಹಿಡಿಯಬಲ್ಲದು. ಇದೇ ಅಪಾಯಕ್ಕಾಗಿ ಟೊಯೋಟಾ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು.

ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಆ ಜಾಗ ತೆರೆದಿರುವ ಅಥವಾ ಅಲ್ಲಿ ಸುಲಭವಾಗಿ ಬಿರಿಯುವ ಹೊಲಿಗೆ ಇರುವ ಕವರ್ ಮಾತ್ರ ಹಾಕಿ. ಸ್ಟೀರಿಂಗ್ ಕವರ್ ಸ್ವಲ್ಪವೂ ಜಾರಬಾರದು. ದಾರದಿಂದ ಹೊಲಿದು ಬಿಗಿಯುವುದೇ ಮೇಲು.

ಹಂತ 11: ಸೋರಿಕೆ ಅಳೆದು ಮುಚ್ಚಿ

ಎಲ್ಲ ಜೋಡಿಸಿದ ಮೇಲೆ, ಕೊನೆಯ ಪ್ಯಾನಲ್ ಕೂರಿಸುವ ಮುನ್ನ ಕಾರು ನಿಂತಾಗ ಎಷ್ಟು ಕರೆಂಟ್ ಕುಡಿಯುತ್ತದೆ ಎಂದು ಅಳೆಯಿರಿ. ಮೀಟರನ್ನು 10 ಆಂಪಿಯರ್‌ಗೆ ಇಟ್ಟು, ಕೆಂಪು ಕಡ್ಡಿಯನ್ನೂ ಮೀಟರಿನ 10 ಆಂಪಿಯರ್ ಕಿಂಡಿಗೆ ಬದಲಿಸಿ, ಬ್ಯಾಟರಿಯ ಮೈನಸ್ ತುದಿ ಮತ್ತು ಅದರಿಂದ ಕಳಚಿದ ಕೇಬಲ್ ನಡುವೆ ಸೇರಿಸಿ. ಕೀ ತೆಗೆದಿರಲಿ, ಬಾಗಿಲುಗಳು ಮುಚ್ಚಿರಲಿ. ಅರ್ಧ ಗಂಟೆ ಕಾದು ನೋಡಿ. ಮೀಟರ್ ಹೀಗಿರುವಾಗ ಎಂಜಿನ್ ಚಾಲೂ ಮಾಡಬೇಡಿ; ಮೀಟರಿನ ಫ್ಯೂಸ್ ಸುಡುತ್ತದೆ.

50 ಮಿಲಿಆಂಪಿಯರ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 300 ಮಿಲಿಆಂಪಿಯರ್ ತೋರಿಸಿದರೆ 45 ಆಂಪಿಯರ್ ಗಂಟೆಯ ಬ್ಯಾಟರಿ ಮೂರೇ ದಿನದಲ್ಲಿ ಅರ್ಧ ಖಾಲಿಯಾಗುತ್ತದೆ. ನೀವು ಹಾಕಿದ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಅದರ ಸಾಧನ ಸದಾ ಕರೆಂಟ್ ಇರುವ ಫ್ಯೂಸ್‌ಗೆ ಸೇರಿಬಿಟ್ಟಿದೆ.

ಕೊನೆಗೆ ಒಂದು ಹಾಳೆಯಲ್ಲಿ ಯಾವ ಫ್ಯೂಸಿನಿಂದ ಯಾವ ಸಾಧನಕ್ಕೆ ತಂತಿ ಹೋಗಿದೆ, ತಂತಿಯ ಬಣ್ಣ ಯಾವುದು, ಅರ್ತ್ ಯಾವ ಬೋಲ್ಟಿಗೆ, ಹೊಸ ಫ್ಯೂಸ್ ಎಷ್ಟು ಆಂಪಿಯರ್‌ನದು ಎಂದು ಬರೆಯಿರಿ. ಮಡಚಿ, ಕಾರಿನ ಕೈಪಿಡಿಯ ಫ್ಯೂಸ್ ಪುಟದಲ್ಲಿ ಇಡಿ.